ಮಂಗ ಸತ್ತ ಮೇಲೆ ಬರುವ ಹಣ

ಉತ್ತರ ಕನ್ನಡದ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಕೆಲಸ ಮಾಡಿದ ಯಾವ ಸರ್ಕಾರಿ ವೈದ್ಯರನ್ನು ಕೇಳಿದರೂ ಮಂಗನ ಕಾಯಿಲೆ ಎಂದಿನಿಂದ ಎಂದಿನವರೆಗೆ ಕಾಡುತ್ತದೆ ಎಂಬುದನ್ನು ಹೇಳಬಲ್ಲರು. ಮಳೆ ಹಿಂದೆ ಸರಿದು ಕೊನೆಗೌಡರು ಅಡಿಕೆ ಮರ ಹತ್ತುವ ಹೊತ್ತಿಗೆ ಕಾಡಿನ ತರಗೆಲೆಯಲ್ಲಿ ಮರಿ ಉಣುಗುಗಳು, ಅಂದರೆ ರಕ್ತ ಹೀರುವ ಉಣ್ಣೆಗಳು, ಚುರುಕಾಗುತ್ತವೆ. ಡಿಸೆಂಬರ್‌ನಲ್ಲಿ ಜ್ವರದವರು ಬರತೊಡಗುತ್ತಾರೆ, ಮುಂಗಾರು ಬೀಳುವವರೆಗೂ ಅದು ನಿಲ್ಲುವುದಿಲ್ಲ. ಸರ್ಕಾರದ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾಯಿಲೆ ಏರುಗತಿಯಲ್ಲಿರುವಾಗಲೇ ನಮ್ಮ ಕಚೇರಿಗಳಲ್ಲಿ ಬಿಲ್ಲು, ಖಜಾನೆ, ಹಣ ಬಳಕೆ ಪ್ರಮಾಣಪತ್ರಗಳ ಗಡಿಬಿಡಿ. ಸೋಂಕು ತಡೆಯುವ ಕೆಲಸ ನಡೆಯಬೇಕಾದದ್ದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಅದಕ್ಕೆ ಬೇಕಾದ ಹಣ ಎಷ್ಟೋ ವರ್ಷ ನಮ್ಮ ಕೈ ಸೇರಿದ್ದು ಜನವರಿಯಲ್ಲಿ, ಅದೂ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ.

ಈ ಮೂರು ತಿಂಗಳ ವ್ಯತ್ಯಾಸ ಯಾಕೆ ದೊಡ್ಡದು ಎಂದು ತಿಳಿಯಲು ಉಣುಗಿನ ಬದುಕನ್ನು ಸ್ವಲ್ಪ ನೋಡಬೇಕು. ವೈರಸ್ ಕಾಡಿನ ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲೂ ಉಣುಗುಗಳಲ್ಲೂ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮುಸಿಯಕ್ಕೋ ಕೆಂಪು ಮಂಗಕ್ಕೋ ಅದು ತಗುಲಿದರೆ ಮಂಗ ಸಾಯುತ್ತದೆ. ಹೆಣ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿದ್ದ ಸೋಂಕಿತ ಉಣುಗುಗಳು ಕೆಳಗೆ ಉದುರಿ ಸುತ್ತಲ ನೆಲವನ್ನು ತುಂಬಿಕೊಳ್ಳುತ್ತವೆ. ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸಲು, ಸೌದೆ ತರಲು, ದನ ಹುಡುಕಲು ಹೋದವರಿಗೆ ಅವು ಕಚ್ಚುತ್ತವೆ. ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜ್ವರ, ತಲೆ ಸಿಡಿಯುವ ನೋವು, ವಾಂತಿ, ಕೆಲವರಲ್ಲಿ ರಕ್ತಸ್ರಾವ. ವಾಸಿಯಾಯಿತು ಎನ್ನುವಾಗ ಹತ್ತರಲ್ಲಿ ಒಬ್ಬಿಬ್ಬರಿಗೆ ಎರಡನೇ ಸುತ್ತಿನ ಜ್ವರ ಬಂದು ಮಿದುಳಿಗೆ ತೊಂದರೆಯಾಗುತ್ತದೆ. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧ ಇಂದಿಗೂ ಇಲ್ಲ.

ಆದ್ದರಿಂದ ಕೆಲಸವೆಲ್ಲ ಮೊದಲೇ ಆಗಬೇಕು. ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿದು ಪರೀಕ್ಷೆಗೆ ಕಳಿಸಬೇಕು. ಸತ್ತ ಮಂಗದ ಸುದ್ದಿ ಅದೇ ದಿನ ಅರಣ್ಯ, ಪಶುಸಂಗೋಪನೆ, ಆರೋಗ್ಯ ಮೂರೂ ಇಲಾಖೆಗೆ ಮುಟ್ಟಬೇಕು. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ನವೆಂಬರ್‌ಗೆ ಮುಂಚೆಯೇ ಇರಬೇಕು. ನಮ್ಮ ಅಡಿಕೆ ಬೆಳೆಗಾರರು ಕೊಳೆ ರೋಗಕ್ಕೆ ಕಾಯಿ ಉದುರುವವರೆಗೆ ಕಾಯುವುದಿಲ್ಲ, ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುತ್ತಾರೆ. ಆ ವರ್ಷ ಕೊಳೆ ಬರದಿದ್ದರೆ ಹೊಡೆದ ಮದ್ದಿನ ಹಣ ದಂಡವಾಯಿತು ಎಂದು ಯಾರೂ ಹೇಳುವುದಿಲ್ಲ.

ಮೊದಲೇ ಹೂಡಿದ ಹಣ ಏನು ಮಾಡಬಲ್ಲದು ಎನ್ನುವುದಕ್ಕೆ ಈ ಕಾಯಿಲೆಯ ಚರಿತ್ರೆಯೇ ಸಾಕ್ಷಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಜನ ಜ್ವರದಿಂದ ಮಲಗಿದಾಗ, ಏಷ್ಯಾದಲ್ಲಿ ಎಂದೂ ಕಾಣಿಸದ ಹಳದಿ ಜ್ವರ ಬಂತೇ ಎಂದು ಲೋಕವೇ ಹೆದರಿತ್ತು. ಅದೇ ವರ್ಷ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದು ಬೇರೆಯೇ ವೈರಸ್ ಎಂದು ಗುರುತಿಸಿದರು. ಆ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ 1952ರಲ್ಲೇ ಕಟ್ಟಿದ್ದವು. ಕ್ಯಾಸನೂರಿನ ಹೆಸರೇ ಕೇಳದಿದ್ದ ಕಾಲದಲ್ಲಿ ಯಾರೋ ಅದಕ್ಕೆ ಹಣ ಕೊಟ್ಟಿದ್ದರು. 1978ರಲ್ಲಿ ಅದು ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. 2020ರ ಜನವರಿ 30ರಂದು ದೇಶದ ಮೊದಲ ಕೋವಿಡ್ ಪ್ರಕರಣ ಖಚಿತವಾದದ್ದೂ ಅಲ್ಲಿಯ ಪರೀಕ್ಷೆಯಿಂದ, ಕೊವ್ಯಾಕ್ಸಿನ್‌ಗೆ ವೈರಸ್ ತಳಿ ಸಿಕ್ಕಿದ್ದೂ ಅಲ್ಲಿಂದ. ದಶಕಗಳ ಕಾಲ ಸಂಬಳ, ವಿದ್ಯುತ್ತು, ಶೈತ್ಯಾಗಾರ, ತರಬೇತಿಗೆ ಖರ್ಚು ಮಾಡುತ್ತಲೇ ಬಂದುದರ ಫಲ ಇದು. ಸಂಶೋಧನೆಗೆ ಸುರಿದ ಹಣದಿಂದ ಏನು ಬಂತು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಪುಣೆಯ ಈ ಕಥೆಯನ್ನೇ.

ಲಸಿಕೆಯ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆ 1990ರಿಂದ ನಮ್ಮಲ್ಲಿ ಬಳಕೆಯಲ್ಲಿತ್ತು. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಪಶು ಆರೋಗ್ಯ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಬೂಸ್ಟರ್. ಸೂಜಿ ಚುಚ್ಚಿದ ಜಾಗ ವಿಪರೀತ ನೋಯುತ್ತಿದ್ದುದರಿಂದ ಮೊದಲ ಡೋಸ್ ಪಡೆದವರೇ ಎರಡನೆಯದಕ್ಕೆ ಬರಲು ಹಿಂಜರಿಯುತ್ತಿದ್ದರು. 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಅಧ್ಯಯನ, ಎರಡು ಡೋಸ್‌ನಿಂದ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಎಂದು ಕಂಡುಕೊಂಡಿತ್ತು. ಆಮೇಲೆ ಅದರ ಪರಿಣಾಮ ಕುಗ್ಗಿತು, ಗುಣಮಟ್ಟದ ಪ್ರಶ್ನೆ ಎದ್ದಿತು, 2022ರಲ್ಲಿ ರಾಜ್ಯ ಅದರ ಬಳಕೆಯನ್ನೇ ನಿಲ್ಲಿಸಿತು. ಬದಲಿ ಲಸಿಕೆ ಸಿದ್ಧವಿರಲಿಲ್ಲ. 2024ರಲ್ಲಿ ಸಿದ್ದಾಪುರದ ಹಳ್ಳಿಗಳಲ್ಲಿ ಕಾಯಿಲೆ ಹಬ್ಬಿದಾಗ ನಮ್ಮ ಕೈಯಲ್ಲಿದ್ದದ್ದು ಡೆಪಾ ಎಣ್ಣೆ ಮತ್ತು ಎಚ್ಚರಿಕೆಯ ಮಾತು ಮಾತ್ರ.

ಸುಮಾರು ಮೂವತ್ತು ವರ್ಷ ಬಳಸಿದ ಲಸಿಕೆಯನ್ನು ಆ ಮೂವತ್ತು ವರ್ಷದಲ್ಲೇ ಸುಧಾರಿಸಬಹುದಿತ್ತು. ಇದು ಪಶ್ಚಿಮ ಘಟ್ಟದ ಬಡವರ ಕಾಯಿಲೆ, ರೋಗಿಗಳ ಸಂಖ್ಯೆ ವರ್ಷಕ್ಕೆ ಕೆಲವು ನೂರು. ಲಾಭ ನೋಡುವ ಕಂಪನಿ ತಾನಾಗಿ ಮುಂದೆ ಬರುವುದಿಲ್ಲ, ಬರಲಿ ಎಂದು ನಿರೀಕ್ಷಿಸುವುದೂ ತಪ್ಪು. ಇಂಥ ಲಸಿಕೆಗೆ ಸಾರ್ವಜನಿಕ ಹಣ ಬಿಟ್ಟು ಬೇರೆ ದಾರಿ ಇಲ್ಲ. ಈಗ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆ ಅಭಿವೃದ್ಧಿಪಡಿಸಲು ಕೈಹಾಕಿದೆ. ಪ್ರಕರಣಗಳು ಇಳಿದ ವರ್ಷವೂ ಆ ಕೆಲಸಕ್ಕೆ ಅನುದಾನ ಇಳಿಯಬಾರದು.

ಇನ್ನು ಜಿಲ್ಲೆಯ ಮಟ್ಟದ ಮಾತು. ಜ್ವರದ ಮೊದಲ ದಿನಗಳಲ್ಲೇ ರಕ್ತ ಪರೀಕ್ಷಿಸಿದರೆ ಪಿಸಿಆರ್ ಕಾಯಿಲೆಯನ್ನು ಖಚಿತಪಡಿಸುತ್ತದೆ. ಫಲಿತಾಂಶ ಬೇಗ ಬಂದರೆ ಪ್ಲೇಟ್‌ಲೆಟ್ ಮೇಲೆ ಕಣ್ಣಿಡಬಹುದು, ರಕ್ತಸ್ರಾವ ಹೆಚ್ಚಿಸುವ ನೋವಿನ ಮಾತ್ರೆ ತಪ್ಪಿಸಬಹುದು, ಹದಗೆಡುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ನಮ್ಮ ಮಾದರಿಗಳು ಬಹುಕಾಲ ಶಿವಮೊಗ್ಗದ ಪ್ರಯೋಗಾಲಯಕ್ಕೇ ಹೋಗಬೇಕಿತ್ತು. ಇಂಥ ಪರೀಕ್ಷೆಯನ್ನು ಊರಿನ ಹತ್ತಿರವೇ ಮಾಡಬಲ್ಲ ಚಿಕ್ಕ ಯಂತ್ರ ಟ್ರೂನ್ಯಾಟ್ ಗಡಿಯಾಚೆಯ ಗೋವಾದಲ್ಲಿ ತಯಾರಾಗುತ್ತದೆ, ಬ್ಯಾಟರಿಯಲ್ಲೂ ನಡೆಯುತ್ತದೆ. ಕ್ಷಯ ಪತ್ತೆಗೆ ತಂದ ಈ ಯಂತ್ರ ಕೋವಿಡ್‌ನಲ್ಲೂ ದುಡಿಯಿತು, ಮಂಗನ ಕಾಯಿಲೆಗೂ ಇದರ ಪರೀಕ್ಷೆಯನ್ನು ಪುಣೆಯ ಸಂಸ್ಥೆ ರೂಪಿಸಿದೆ. ಆದರೆ ಯಂತ್ರ ಕೊಳ್ಳಲು ಒಮ್ಮೆ ಹಣ ಸಿಕ್ಕಿದಷ್ಟು ಸುಲಭವಾಗಿ ಕಿಟ್‌ಗೆ, ವಾರ್ಷಿಕ ನಿರ್ವಹಣೆಗೆ, ಅದನ್ನು ನಡೆಸುವ ತಂತ್ರಜ್ಞರ ಸಂಬಳಕ್ಕೆ ಸಿಗುವುದಿಲ್ಲ. ಗುತ್ತಿಗೆ ಮುಗಿದ ತಂತ್ರಜ್ಞ ಹುಬ್ಬಳ್ಳಿಯ ಖಾಸಗಿ ಪ್ರಯೋಗಾಲಯ ಸೇರುತ್ತಾನೆ, ಯಂತ್ರದ ಮೇಲೆ ಬಟ್ಟೆ ಹೊದಿಸಲಾಗುತ್ತದೆ. ಕಟ್ಟಡ, ಯಂತ್ರಗಳ ಉದ್ಘಾಟನೆಗೆ ಫೋಟೊ ಇರುತ್ತದೆ. ನನ್ನ ದೃಷ್ಟಿಯಲ್ಲಿ ಪೂರ್ವಸಿದ್ಧತೆ ಎಂದರೆ ಮೊದಲು ಆ ತಂತ್ರಜ್ಞನ ಕಾಯಂ ಹುದ್ದೆ.

ರಸ್ತೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಗಂಭೀರ ಸ್ಥಿತಿಯ ರೋಗಿಯನ್ನು ಇಂದಿಗೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯುವ ಜಿಲ್ಲೆ ನಮ್ಮದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇಲಿ ಜ್ವರ, ಡೆಂಗಿ ಕಾಡುವುದೂ ಅದೇ ಮಳೆಗಾಲದಲ್ಲಿ. 2021ರಲ್ಲಿ ಕೇಂದ್ರ ಘೋಷಿಸಿದ 64,180 ಕೋಟಿ ರೂಪಾಯಿಯ ಆರೋಗ್ಯ ಮೂಲಸೌಕರ್ಯ ಯೋಜನೆಯಲ್ಲಿ ಜಿಲ್ಲಾ ಪ್ರಯೋಗಾಲಯ, ತೀವ್ರ ನಿಗಾ ಘಟಕಗಳ ಪ್ರಸ್ತಾಪವಿದೆ. ಘಟ್ಟದ ಮೇಲಿನ ತಾಲ್ಲೂಕಿನವರಿಗೆ ಜಿಲ್ಲಾ ಕೇಂದ್ರವಾದ ಕಾರವಾರವೇ ದೂರ, ಆದ್ದರಿಂದ ಶಿರಸಿಯಲ್ಲೂ ಇಂಥ ಸೌಲಭ್ಯ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವರ್ಷಕ್ಕೆ ಬೆರಳೆಣಿಕೆಯ ಪ್ರಕರಣವಿದ್ದಾಗಲೂ ಇಷ್ಟೆಲ್ಲ ಯಾಕೆ ಎಂದು ಹಣಕಾಸಿನವರು ಕೇಳುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಕಡೆ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಸೊರಬದ ಕಾಯಿಲೆ ಎಂದುಕೊಂಡಿದ್ದದ್ದು ಕಳೆದ ದಶಕದಲ್ಲಿ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಕಾಣಿಸಿಕೊಂಡಿದೆ. ಮುಂದೆ ಎಲ್ಲಿ ಎಂಬುದು ಉಣುಗು ಹಿಡಿದು ನೋಡಿದವರಿಗಷ್ಟೇ ತಿಳಿದೀತು, ನೋಡುವವರಿಗೆ ಸಂಬಳವಿದ್ದರೆ.

ಹಾಗಾಗಿ ಪಂಚಾಯಿತಿ ಸದಸ್ಯರಿಗೂ ಸೊಸೈಟಿಯ ಹಿರಿಯರಿಗೂ ನನ್ನದೊಂದು ಬೇಡಿಕೆ. ಆಗಸ್ಟ್‌ನ ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ: ಈ ಸಾಲಿನ ಮಂಗನ ಕಾಯಿಲೆ ಅನುದಾನ ತಾಲ್ಲೂಕಿಗೆ ಬಿಡುಗಡೆಯಾಗಿದೆಯೇ, ಡೆಪಾ ಎಣ್ಣೆಯ ದಾಸ್ತಾನು ಎಷ್ಟಿದೆ, ನಮ್ಮ ಊರಿನ ರಕ್ತದ ಮಾದರಿ ಎಲ್ಲಿಗೆ ಹೋಗುತ್ತದೆ, ಫಲಿತಾಂಶ ಎಷ್ಟು ಗಂಟೆಯಲ್ಲಿ ಬರುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿಗೆ ಜಿಲ್ಲೆಯಲ್ಲಿ ಹಣ ಕೇಳಲು ಆ ನಡಾವಳಿಯ ಪ್ರತಿ ಒಂದು ಆಧಾರವಾಗುತ್ತದೆ.