ಯುಎಸ್‌ಎಂಎಲ್‌ಇ ಮೊದಲ ಹಂತಕ್ಕೆ ಪೆಥಾಲಜಿ: ಯಾವ ಪುಸ್ತಕ, ಯಾವಾಗ, ಎಷ್ಟು

ಅಮೆರಿಕದಲ್ಲಿ ವೈದ್ಯವೃತ್ತಿ ನಡೆಸಲು ಬೇಕಾದ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ. ಅದರ ಮೊದಲ ಹಂತವಾದ ಸ್ಟೆಪ್ 1 ಒಂದೇ ದಿನದಲ್ಲಿ ಎಂಟು ಗಂಟೆಗಳ ಕಾಲ ನಡೆಯುತ್ತದೆ. ಹೆಚ್ಚೆಂದರೆ 280 ಪ್ರಶ್ನೆಗಳಿರುತ್ತವೆ, ಮತ್ತು ಪರೀಕ್ಷೆ ನಡೆಸುವವರೇ ಪ್ರಕಟಿಸಿರುವ ವಿಷಯಸೂಚಿಯ ಪ್ರಕಾರ ಅವುಗಳಲ್ಲಿ ಸುಮಾರು ಅರ್ಧದಷ್ಟು ಪೆಥಾಲಜಿಗೆ, ಅಂದರೆ ರೋಗಶಾಸ್ತ್ರಕ್ಕೆ, ಸಂಬಂಧಿಸಿದವು. ನಮ್ಮ ಕಾಲೇಜುಗಳಿಂದ ಈ ಪರೀಕ್ಷೆಗೆ ಹೊರಡುವ ವಿದ್ಯಾರ್ಥಿಗಳು ಪೆಥಾಲಜಿ ಕಲಿಸುವ ನನ್ನ ಬಳಿ ಬಂದು ಮೊದಲು ಕೇಳುವುದು "ಯಾವುದನ್ನು ಓದಬೇಕು" ಎಂದು. ಆದರೆ ಅವರ ಲ್ಯಾಪ್‌ಟಾಪಿನಲ್ಲಿ ಅಷ್ಟರಲ್ಲಾಗಲೇ ಆರೇಳು ಪುಸ್ತಕಗಳೂ ನಾಲ್ಕಾರು ವಿಡಿಯೊ ಸರಣಿಗಳೂ ತುಂಬಿಕೊಂಡಿರುತ್ತವೆ. ಹಾಗಾಗಿ ಅವರಿಗೆ ಬೇಕಾಗಿರುವುದು ಇನ್ನೊಂದು ಹೆಸರಲ್ಲ, ಇರುವುದರಲ್ಲಿ ಯಾವುದು ಯಾವ ಕೆಲಸಕ್ಕೆ ಎಂಬ ತಿಳಿವಳಿಕೆ.

2022ರ ಜನವರಿ 26ರಿಂದ ಸ್ಟೆಪ್ 1ರಲ್ಲಿ ಅಂಕಗಳಿಲ್ಲ, ಉತ್ತೀರ್ಣ ಅಥವಾ ಅನುತ್ತೀರ್ಣ ಎಂಬ ಫಲಿತಾಂಶ ಮಾತ್ರ. ಇದರಿಂದ ಪರೀಕ್ಷೆ ಹಗುರವಾಯಿತೆಂದು ಭಾವಿಸುವವರಿದ್ದಾರೆ; ನಾನು ಹಾಗೆ ಭಾವಿಸುವುದಿಲ್ಲ. ಅನುತ್ತೀರ್ಣರಾದರೆ ಅದು ದಾಖಲೆಯಲ್ಲಿ ಉಳಿಯುತ್ತದೆ, ಒಂದು ಹಂತಕ್ಕೆ ಒಟ್ಟು ನಾಲ್ಕೇ ಅವಕಾಶಗಳಿವೆ, ಮತ್ತು ಅಮೆರಿಕದ ಹೊರಗೆ ಓದಿ ಅಲ್ಲಿನ ರೆಸಿಡೆನ್ಸಿಗೆ (ಪದವಿಯ ನಂತರದ ಆಸ್ಪತ್ರೆ ತರಬೇತಿಗೆ) ಅರ್ಜಿ ಹಾಕುವವರ ವಿಷಯದಲ್ಲಿ ಎಲ್ಲರ ಕಣ್ಣೂ ಈಗ ಅಂಕ ಉಳಿದಿರುವ ಸ್ಟೆಪ್ 2 ಸಿಕೆ (ಕ್ಲಿನಿಕಲ್ ಜ್ಞಾನದ ಪರೀಕ್ಷೆ) ಮೇಲೆ ಹೋಗಿದೆ. ಆ ಪರೀಕ್ಷೆಯಲ್ಲಿ ರೋಗನಿರ್ಣಯ ಸರಾಗವಾಗಿ ಬರಬೇಕಾದರೆ ಸ್ಟೆಪ್ 1ಕ್ಕಾಗಿ ಕಲಿತ ಪೆಥಾಲಜಿ ಗಟ್ಟಿಯಾಗಿರಬೇಕು. ದಡ ಮುಟ್ಟಿದರೆ ಸಾಕೆಂದು ಓದಿದವರು ಮುಂದಿನ ಹಂತದಲ್ಲಿ ಅದೇ ಅಧ್ಯಾಯಗಳನ್ನು ಮತ್ತೆ ಮೊದಲಿನಿಂದ ತೆಗೆಯಬೇಕಾಗುತ್ತದೆ.

ಸಾಮಗ್ರಿಯನ್ನು ಆರಿಸುವ ಮೊದಲು ಪ್ರಶ್ನೆಯ ಸ್ವರೂಪವನ್ನು ನೋಡಬೇಕು. ನಮ್ಮ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಹೃದಯಾಘಾತದ ಬಗ್ಗೆ ದೀರ್ಘ ಪ್ರಬಂಧ ಬಂದರೆ ವಿದ್ಯಾರ್ಥಿಯು ಕಾರಣ, ರೋಗೋತ್ಪತ್ತಿ, ಬರಿಗಣ್ಣಿಗೆ ಕಾಣುವ ಬದಲಾವಣೆ, ಸೂಕ್ಷ್ಮದರ್ಶಕದಲ್ಲಿ ಕಾಣುವ ಬದಲಾವಣೆ, ತೊಡಕುಗಳು ಎಂದು ಶೀರ್ಷಿಕೆ ಹಾಕಿ ಬರೆಯುತ್ತಾನೆ, ಅಂಕವೂ ಬರುತ್ತದೆ. ಸ್ಟೆಪ್ 1ರ ಮಾದರಿಯ ಪ್ರಶ್ನೆ ಹೀಗಿರುತ್ತದೆ: ಎದೆನೋವಿನಿಂದ ದಾಖಲಾದ 58 ವರ್ಷದ ಗಂಡಸು ಐದನೆಯ ದಿನ ಹಾಸಿಗೆಯಲ್ಲೇ ಕುಸಿಯುತ್ತಾನೆ; ರಕ್ತದೊತ್ತಡ ಇಳಿದಿದೆ, ಕತ್ತಿನ ಅಭಿಧಮನಿಗಳು ಉಬ್ಬಿವೆ, ಹೃದಯದ ಸದ್ದು ಕ್ಷೀಣವಾಗಿ ಕೇಳುತ್ತಿದೆ; ಹಾನಿಯಾದ ಸ್ನಾಯುವಿನಲ್ಲಿ ಈಗ ಪ್ರಧಾನವಾಗಿ ಕಾಣುವ ಜೀವಕೋಶ ಯಾವುದು? ಇಲ್ಲಿ ವಿದ್ಯಾರ್ಥಿ ಮೊದಲು ಇದು ಟ್ಯಾಂಪೊನೇಡ್ (ಸುತ್ತ ತುಂಬಿದ ದ್ರವ ಹೃದಯವನ್ನು ಅದುಮುವ ಸ್ಥಿತಿ) ಎಂದು ಗುರುತಿಸಬೇಕು. ಕುಹರದ ಹೊರಗೋಡೆ ಒಡೆದು ರಕ್ತವು ಹೃದಯದ ಹೊರಚೀಲವಾದ ಪೆರಿಕಾರ್ಡಿಯಮ್‌ನಲ್ಲಿ ತುಂಬಿದೆಯೆಂದು ಊಹಿಸಬೇಕು. ಗೋಡೆ ಈ ದಿನಗಳಲ್ಲೇ ಏಕೆ ದುರ್ಬಲವಾಗಿರುತ್ತದೆ ಎಂಬುದು ಅವನಿಗೆ ಗೊತ್ತಿರಬೇಕು: ನ್ಯೂಟ್ರೋಫಿಲ್‌ಗಳ (ಮೊದಲು ಬರುವ ಬಿಳಿ ರಕ್ತಕಣಗಳ) ಕಾಲ ಮುಗಿದು ಮ್ಯಾಕ್ರೊಫೇಜ್‌ಗಳು ಸತ್ತ ಸ್ನಾಯುವನ್ನು ತಿಂದು ತೆಗೆಯುತ್ತಿವೆ, ಆ ಜಾಗವನ್ನು ತುಂಬಬೇಕಾದ ಗ್ರ್ಯಾನ್ಯುಲೇಷನ್ ಅಂಗಾಂಶ ಇನ್ನೂ ಬಲಿತಿಲ್ಲ. ಉತ್ತರ ಮ್ಯಾಕ್ರೊಫೇಜ್ ಎಂಬ ಒಂದೇ ಪದ, ಆದರೆ ಅಲ್ಲಿಗೆ ತಲುಪಲು ಮೂರು ಮೆಟ್ಟಿಲು ಹತ್ತಬೇಕು.

ಈ ದಿನಗಳ ಲೆಕ್ಕ ಎಲ್ಲ ಪುಸ್ತಕಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಒಂದು ಪುಸ್ತಕ ಒಂದು ದಿನ ಹಿಂದೆ, ಇನ್ನೊಂದು ಒಂದು ದಿನ ಮುಂದೆ ಗೆರೆ ಎಳೆದಿರುತ್ತದೆ, ಏಕೆಂದರೆ ದೇಹದಲ್ಲಿ ಅಂಥ ಗೆರೆಯೇ ಇಲ್ಲ. ನಾಲ್ಕು ಕಡೆ ಓದುವ ವಿದ್ಯಾರ್ಥಿ ಯಾವ ಅಂಕಿ ಸರಿ ಎಂದು ಒಂದು ಸಂಜೆಯನ್ನೇ ಕಳೆಯುತ್ತಾನೆ. ಒಂದೇ ಕಡೆ ಓದಿ ಕಾರಣವನ್ನು ಹಿಡಿದವನಿಗೆ ಆ ಗೊಂದಲವಿಲ್ಲ, ಮತ್ತು ಪರೀಕ್ಷೆಯ ಪ್ರಶ್ನೆ ಕೂಡ ಸಾಮಾನ್ಯವಾಗಿ ಗಡಿಯ ಮೇಲಿನ ದಿನವನ್ನು ಕೇಳದೆ ನಡುವಿನ ದಿನವನ್ನೇ ಕೇಳುತ್ತದೆ. ವಿವರಣೆಗೆ ಒಂದೇ ಮುಖ್ಯ ಆಕರವಿರಲಿ ಎಂದು ನಾನು ಪಟ್ಟುಹಿಡಿದು ಹೇಳುವುದು ಇದಕ್ಕಾಗಿ.

ಆ ಒಂದು ಆಕರ ಯಾವುದು ಎಂಬುದು ವಿದ್ಯಾರ್ಥಿ ಈಗ ಎಲ್ಲಿದ್ದಾನೆ ಎಂಬುದರ ಮೇಲೆ ನಿಂತಿದೆ. ಎಂಬಿಬಿಎಸ್ ಎರಡನೆಯ ವರ್ಷದಲ್ಲಿರುವವನಿಗೆ ನಾನು ಪೆಥಾಲಜಿಯ ಪಠ್ಯಪುಸ್ತಕವಾದ ರಾಬಿನ್ಸ್ ಓದು ಎನ್ನುತ್ತೇನೆ, ಅದರಲ್ಲೂ ಸಾಮಾನ್ಯ ಪೆಥಾಲಜಿಯ ಅಧ್ಯಾಯಗಳನ್ನು ಆತುರವಿಲ್ಲದೆ ಓದು ಎನ್ನುತ್ತೇನೆ. ಜೀವಕೋಶದ ಹಾನಿ, ಉರಿಯೂತ, ರಕ್ತಸ್ರಾವ ಮತ್ತು ರಕ್ತ ಹೆಪ್ಪುಗಟ್ಟುವಿಕೆ, ಗೆಡ್ಡೆಗಳು ಇವಿಷ್ಟು ಬೇರೂರಿದರೆ ಉಳಿದ ಅಂಗಾಂಗಗಳ ಪೆಥಾಲಜಿ ಅದರಿಂದಲೇ ಚಿಗುರುತ್ತದೆ. ಆದರೆ ಪರೀಕ್ಷೆಗೆ ಎರಡು ಮೂರು ತಿಂಗಳಿರುವಾಗ ಸಾವಿರಕ್ಕೂ ಹೆಚ್ಚು ಪುಟಗಳ ಆ ದೊಡ್ಡ ಗ್ರಂಥವನ್ನು ಮೊದಲ ಪುಟದಿಂದ ತೆರೆಯುವುದು ವಿವೇಕವಲ್ಲ. ಆ ಹೊತ್ತಿಗೆ ಅದು ಕೇವಲ ಸಂಶಯ ಪರಿಹಾರಕ್ಕೆ.

ಪದವಿ ಮುಗಿಸಿದವರಿಗೂ ಕೊನೆಯ ತಿಂಗಳುಗಳಲ್ಲಿರುವವರಿಗೂ ಪ್ಯಾಥೋಮಾ ಸರಿಹೊಂದುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಪೆಥಾಲಜಿ ಪ್ರಾಧ್ಯಾಪಕ ಹುಸೇನ್ ಸತ್ತಾರ್ ಸಿದ್ಧಪಡಿಸಿರುವ ಈ ಉಪನ್ಯಾಸಗಳೂ ಅವುಗಳ ಜೊತೆಗಿನ ತೆಳು ಪುಸ್ತಕವೂ ಬಹುತೇಕ ಪ್ರತಿ ಸಾಲಿನಲ್ಲೂ 'ಏಕೆ' ಎಂಬುದಕ್ಕೆ ಉತ್ತರ ಕೊಡುತ್ತವೆ. ಮೊದಲ ಮೂರು ಅಧ್ಯಾಯಗಳನ್ನು ಒಮ್ಮೆ ಆರಂಭದಲ್ಲಿ, ಇನ್ನೊಮ್ಮೆ ಪರೀಕ್ಷೆಯ ಹಿಂದಿನ ವಾರದಲ್ಲಿ ನೋಡುವ ರೂಢಿ ವಿದ್ಯಾರ್ಥಿಗಳಲ್ಲಿದೆ; ಅದು ಒಳ್ಳೆಯ ರೂಢಿ. ಕೇಳುವುದಕ್ಕಿಂತ ಓದುವುದೇ ಒಗ್ಗುವವರು ಗೋಲ್ಜನ್ ಅವರ ರ್‍ಯಾಪಿಡ್ ರಿವ್ಯೂ ಹಿಡಿಯಬಹುದು. ಪ್ರಯೋಗಾಲಯದ ವರದಿಗಳನ್ನು ರೋಗದೊಂದಿಗೆ ಜೋಡಿಸುವುದರಲ್ಲಿ ಅದು ಬಲವಾಗಿದೆ, ಆದರೆ ವಿವರಗಳ ದಟ್ಟಣೆ ಹೆಚ್ಚು. ಎರಡನ್ನೂ ಒಟ್ಟಿಗೆ ಬೇಡ.

ಫಸ್ಟ್ ಏಡ್ ಎಂಬ ಸ್ಟೆಪ್ 1 ಪುಸ್ತಕದ ಬಗ್ಗೆ ಒಂದೇ ಮಾತು: ಅದು ಕಲಿತದ್ದನ್ನು ನೆನಪಿಸುವ ಪುಸ್ತಕ, ಕಲಿಸುವ ಪುಸ್ತಕವಲ್ಲ. ಅರ್ಥವಾಗದ ವಿಷಯವನ್ನು ಅಲ್ಲಿ ಬಾಯಿಪಾಠ ಮಾಡಿದರೆ ಮೇಲಿನಂತಹ ಪ್ರಶ್ನೆಯಲ್ಲಿ ಮೊದಲ ಮೆಟ್ಟಿಲಲ್ಲೇ ನಿಲ್ಲಬೇಕಾಗುತ್ತದೆ.

ನಿಜವಾದ ಕಲಿಕೆ ನಡೆಯುವುದು ಪ್ರಶ್ನೆಗಳ ಮುಂದೆ. ಹಣ ಒಂದಕ್ಕೇ ಸಾಕಾಗುವುದಾದರೆ ಪ್ರಶ್ನಭಂಡಾರಕ್ಕೆ ಕೊಡಿ ಎನ್ನುತ್ತೇನೆ. ಹೆಚ್ಚಿನವರು ಯುವರ್ಲ್ಡ್ ಬಳಸುತ್ತಾರೆ, ಅದರ ವಿವರಣೆಗಳು ಪಾಠದಷ್ಟೇ ಮೌಲ್ಯವುಳ್ಳವು. ಎಲ್ಲ ಓದು ಮುಗಿದ ಮೇಲೆ ಪ್ರಶ್ನೆಗಳಿಗೆ ಕೈಹಾಕುತ್ತೇನೆ ಎಂದು ಕಾಯುವುದು ನಾನು ಕಾಣುವ ಅತ್ಯಂತ ದುಬಾರಿ ತಪ್ಪು, ಏಕೆಂದರೆ ಓದು ಎಂದೂ ಮುಗಿಯುವುದಿಲ್ಲ. ಒಂದು ಅಂಗವ್ಯೂಹದ ಪಾಠ ಮುಗಿದ ದಿನವೇ ಅದರ ಪ್ರಶ್ನೆಗಳನ್ನು ಮಾಡಬೇಕು, ಕೊನೆಯ ವಾರಗಳಲ್ಲಿ ಎಲ್ಲ ವಿಷಯಗಳನ್ನೂ ಬೆರೆಸಿ, ಗಡಿಯಾರವಿಟ್ಟು ಮಾಡಬೇಕು. ತಪ್ಪಾದ ಪ್ರಶ್ನೆಯ ಸರಿಯುತ್ತರವನ್ನು ನೋಟ್‌ಬುಕ್ಕಿಗೆ ಇಳಿಸುವುದರಿಂದ ಪ್ರಯೋಜನ ಕಡಿಮೆ. ವಿಷಯವೇ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಈ ರೋಗಿಯಲ್ಲಿ ಗುರುತಿಸಲಾಗಲಿಲ್ಲವೇ, ಅಥವಾ ಪ್ರಶ್ನೆಯ ಕೊನೆಯ ಸಾಲನ್ನು ಸರಿಯಾಗಿ ಓದಲಿಲ್ಲವೇ ಎಂದು ಬರೆದುಕೊಂಡರೆ ಎರಡು ವಾರಗಳಲ್ಲಿ ಒಂದು ಚಿತ್ರಣ ಮೂಡುತ್ತದೆ. ಮೊದಲನೆಯದಕ್ಕೆ ಪುಸ್ತಕ ಮದ್ದು, ಎರಡನೆಯದಕ್ಕೆ ಇನ್ನಷ್ಟು ಪ್ರಶ್ನೆಗಳು, ಮೂರನೆಯದಕ್ಕೆ ನಿದ್ದೆ ಮತ್ತು ನಿಧಾನ. ಆಂಕಿ ಎಂಬ ತಂತ್ರಾಂಶದ ನೆನಪಿನ ಕಾರ್ಡುಗಳೂ ಈ ತಪ್ಪುಗಳಿಂದ ಹುಟ್ಟಿದ್ದರೆ ಹೆಚ್ಚು ಕೆಲಸ ಮಾಡುತ್ತವೆ. ಯಾರೋ ಮಾಡಿಟ್ಟ ಸಾವಿರಾರು ಕಾರ್ಡುಗಳನ್ನು ಪರೀಕ್ಷೆಯ ಹೊಸ್ತಿಲಲ್ಲಿ ಆರಂಭಿಸಬಾರದು.

ಚಿತ್ರಗಳನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಮೂತ್ರಪಿಂಡದ ಇಮ್ಯುನೊಫ್ಲೂರೊಸೆನ್ಸ್ (ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸುವ) ಚಿತ್ರದಲ್ಲಿ ಹಸಿರು ಬೆಳಕು ಎಳೆಯಂತೆ ಒಂದೇ ಸಮ ಹರಿದಿದ್ದರೆ ಗುಡ್‌ಪಾಶ್ಚರ್ ಕಾಯಿಲೆ, ಹರಳು ಚೆಲ್ಲಿದಂತಿದ್ದರೆ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರದ ಗ್ಲಾಮೆರುಲೊನೆಫ್ರೈಟಿಸ್‌ನಂತಹದ್ದು ಎಂದು ಓದಿ ತಿಳಿದವನು ಚಿತ್ರದ ಮುಂದೆ ತಡವರಿಸುತ್ತಾನೆ. ಎರಡನ್ನೂ ಅಕ್ಕಪಕ್ಕದಲ್ಲಿ ಹತ್ತು ಬಾರಿ ನೋಡಿದವನಿಗೆ ಕ್ಷಣ ಸಾಕು. ಯೂಟಾ ವಿಶ್ವವಿದ್ಯಾಲಯದ ವೆಬ್‌ಪಾತ್ ಎಂಬ ಚಿತ್ರಸಂಗ್ರಹ ಉಚಿತವಾಗಿಯೇ ದೊರೆಯುತ್ತದೆ. ಜೊತೆಗೆ ನಿಮ್ಮ ಕಾಲೇಜಿನ ಸ್ಲೈಡ್‌ಗಳೂ ಮ್ಯೂಸಿಯಂನ ಜಾಡಿಗಳೂ ಇವೆ. ಅವುಗಳ ಮುಂದೆ ಕಳೆದ ಗಂಟೆ ವ್ಯರ್ಥವಾಗುವುದಿಲ್ಲ.

ನಮ್ಮಲ್ಲಿ ಕಲಿತವರು ಇನ್ನೊಂದು ಹೊಂದಾಣಿಕೆಯನ್ನೂ ಮಾಡಿಕೊಳ್ಳಬೇಕು. ನಮ್ಮ ವಾರ್ಡುಗಳಲ್ಲಿ ಬೆಳೆದ ಕಣ್ಣಿಗೆ ಗ್ರ್ಯಾನ್ಯುಲೋಮಾ (ಉರಿಯೂತದ ಜೀವಕೋಶಗಳ ಗಂಟು) ಎಂದೊಡನೆ ಕ್ಷಯವೇ ಕಾಣುತ್ತದೆ, ಇಲ್ಲಿ ಅದು ಸರಿಯಾದ ಪ್ರವೃತ್ತಿಯೂ ಹೌದು. ಆದರೆ ಅಲ್ಲಿನ ಪ್ರಶ್ನೆಯಲ್ಲಿ ಆಫ್ರಿಕನ್-ಅಮೆರಿಕನ್ ಯುವತಿ, ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ ಊದಿದ ಹೈಲರ್ ಗ್ರಂಥಿಗಳು, ರಕ್ತದಲ್ಲಿ ಹೆಚ್ಚಿದ ಕ್ಯಾಲ್ಸಿಯಂ, ಕೇಸಿಯೇಷನ್ (ಗಿಣ್ಣಿನಂತೆ ಕಾಣುವ ಅಂಗಾಂಶದ ಸಾವು) ಇಲ್ಲದ ಗ್ರ್ಯಾನ್ಯುಲೋಮಾ ಎಂದಿದ್ದರೆ ಅದು ಸಾರ್ಕಾಯ್ಡೋಸಿಸ್. ಕ್ಯಾಲ್ಸಿಯಂ ಏರಿದ್ದೇಕೆ ಎಂಬುದೂ ಮುಂದಿನ ಪ್ರಶ್ನೆಯಾಗಬಹುದು: ಗ್ರ್ಯಾನ್ಯುಲೋಮಾದ ಮ್ಯಾಕ್ರೊಫೇಜ್‌ಗಳೇ ಡಿ ವಿಟಮಿನ್ನನ್ನು ಸಕ್ರಿಯಗೊಳಿಸುತ್ತವೆ. ಓಹಾಯೊ ಮತ್ತು ಮಿಸಿಸಿಪ್ಪಿ ನದಿ ಕಣಿವೆಗಳಲ್ಲಿ ಹಿಸ್ಟೊಪ್ಲಾಸ್ಮಾ ಶಿಲೀಂಧ್ರ, ನೈಋತ್ಯದ ಮರುಭೂಮಿಯಲ್ಲಿ ಕಾಕ್ಸಿಡಿಯಾಯ್ಡಿಸ್ ಶಿಲೀಂಧ್ರ ಎಂಬಂತಹ ಭೌಗೋಳಿಕ ಸುಳಿವುಗಳೂ ಅಲ್ಲಿಯವೇ. ಮುಖ್ಯ ಆಕರವಾಗಿ ಭಾರತೀಯ ಪಠ್ಯಪುಸ್ತಕ ಮಾತ್ರ ಸಾಲದು ಎನ್ನುವುದಕ್ಕೆ ಕಾರಣ ಇಷ್ಟೇ, ಗುಣಮಟ್ಟದ ಕೊರತೆಯಲ್ಲ.

ಟೆಲಿಗ್ರಾಂ ಗುಂಪುಗಳಲ್ಲಿ 'ರೀಕಾಲ್' ಎಂಬ ಹೆಸರಿನಲ್ಲಿ ಹರಿದಾಡುವ ಹಳೆಯ ಪ್ರಶ್ನೆಗಳನ್ನು ಸಾಮಗ್ರಿ ಎಂದು ಪರಿಗಣಿಸಲೇಬೇಡಿ. 2024ರ ಜನವರಿಯಲ್ಲಿ ನೇಪಾಳದೊಂದಿಗೆ ನಂಟಿದ್ದ ಕೆಲವು ಪರೀಕ್ಷಾರ್ಥಿಗಳ ಫಲಿತಾಂಶವನ್ನು, ಪ್ರಶ್ನೆಗಳು ಮೊದಲೇ ಗೊತ್ತಿದ್ದವೆಂಬ ಕಾರಣಕ್ಕೆ, ಪರೀಕ್ಷೆ ನಡೆಸುವವರು ಅಸಿಂಧುಗೊಳಿಸಿದರು. ಪ್ರಾಮಾಣಿಕವಾಗಿ ಓದಿದವರೂ ಇಂತಹ ಅನುಮಾನದ ನೆರಳಿಗೆ ಬರುತ್ತಾರೆ ಎಂಬುದು ನನಗೆ ಹೆಚ್ಚು ನೋವು ಕೊಡುವ ಸಂಗತಿ.

ದಿನಾಂಕವನ್ನು ನಿಗದಿಪಡಿಸುವಾಗ ಸ್ನೇಹಿತರ ಮಾತಿಗಿಂತ ಎನ್‌ಬಿಎಂಇ ಸ್ವಮೌಲ್ಯಮಾಪನ ಪರೀಕ್ಷೆಗಳನ್ನು ನಂಬಬೇಕು; ಸ್ಟೆಪ್ 1ರ ಹಿಂದಿರುವ ಸಂಸ್ಥೆಯೇ ಅವುಗಳನ್ನೂ ರೂಪಿಸುತ್ತದೆ, ಮತ್ತು ಉತ್ತೀರ್ಣರಾಗುವ ಸಂಭವನೀಯತೆಯ ಅಂದಾಜನ್ನು ಕೊಡುತ್ತದೆ. ಒಂದನ್ನು ಓದಿನ ಮಧ್ಯದಲ್ಲಿ, ಇನ್ನೊಂದೆರಡನ್ನು ಕೊನೆಯ ತಿಂಗಳಲ್ಲಿ ತೆಗೆದುಕೊಳ್ಳಿ. ಅಂದಾಜು ಕೆಳಗಿದ್ದರೆ ದಿನಾಂಕ ಮುಂದೂಡಿ, ಆದರೆ ಆ ಹೆಚ್ಚುವರಿ ವಾರಗಳಲ್ಲಿ ಹೊಸ ಪುಸ್ತಕ ಕೊಳ್ಳಬೇಡಿ. ಅದೇ ಪ್ಯಾಥೋಮಾ ಪುಟಗಳಿಗೂ ತಪ್ಪಾದ ಅವೇ ಪ್ರಶ್ನೆಗಳಿಗೂ ಮರಳಿ.