ಕ್ಯೂಎಸ್‌ಎಲ್ ಕಾರ್ಡ್: ದನಿ ಮುಟ್ಟಿದ್ದಕ್ಕೆ ರಸೀದಿ

ಮನಿ ಆರ್ಡರ್ ಕಾಲ ನೆನಪಿದೆಯಾ? ಊರಿಗೆ ದುಡ್ಡು ಕಳಿಸಿದ ಮೇಲೆ ವಾರಕ್ಕೋ ಹತ್ತು ದಿನಕ್ಕೋ ಪೋಸ್ಟ್‌ಮ್ಯಾನ್ ಒಂದು ಚೀಟಿ ತಂದು ಕೊಡುತ್ತಿದ್ದರು. ಅದರಲ್ಲಿ ಅಮ್ಮನ ಸಹಿಯೋ ಹೆಬ್ಬೆಟ್ಟಿನ ಗುರುತೋ ಇರುತ್ತಿತ್ತು. ದುಡ್ಡು ಮುಟ್ಟಿದ್ದಕ್ಕೆ ಆ ಚೀಟಿಯೇ ಸಾಕ್ಷಿ. ಹವ್ಯಾಸಕ್ಕಾಗಿ ತಮ್ಮದೇ ರೇಡಿಯೋ ಕೇಂದ್ರ ಇಟ್ಟುಕೊಂಡು ಮಾತಾಡುವ ಹ್ಯಾಮ್‌ಗಳ ಕ್ಯೂಎಸ್‌ಎಲ್ ಕಾರ್ಡ್ ಕೂಡ ಅಂಥದ್ದೇ. ಇಲ್ಲಿ ಮುಟ್ಟುವುದು ದುಡ್ಡಲ್ಲ, ದನಿ.

ಮೊದಲು ಹೆಸರಿನ ವಿಚಾರ. ಕ್ಯೂಎಸ್‌ಎಲ್ ಅಂದರೆ ಯಾವ ಪದಗಳ ಮೊದಲಕ್ಷರ ಅಂತ ತುಂಬಾ ಜನ ಕೇಳುತ್ತಾರೆ. ಯಾವುದರದ್ದೂ ಅಲ್ಲ. ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಉದ್ದುದ್ದ ವಾಕ್ಯ ಕುಟ್ಟುತ್ತಾ ಕೂತರೆ ಹೊತ್ತು ಹೋಗುತ್ತದೆ. ಅದಕ್ಕೇ 1909ರ ಸುಮಾರಿಗೆ ಬ್ರಿಟಿಷರು ಹಡಗುಗಳಿಗೂ ಕರಾವಳಿಯ ಕೇಂದ್ರಗಳಿಗೂ ಅಂತ ‘ಕ್ಯೂ’ನಿಂದ ಶುರುವಾಗುವ ಮೂರಕ್ಷರದ ಸಂಕೇತಗಳನ್ನು ಮಾಡಿದರು. 1912ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಮ್ಮೇಳನ ಅವನ್ನು ಒಪ್ಪಿಕೊಂಡಿತು. ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದರೆ ಪ್ರಶ್ನೆ, ಹಾಗೇ ಕಳಿಸಿದರೆ ಉತ್ತರ. ‘ಕ್ಯೂಎಸ್‌ಎಲ್?’ ಅಂದರೆ ‘ಮುಟ್ಟಿತಾ?’ ಬರೀ ‘ಕ್ಯೂಎಸ್‌ಎಲ್’ ಅಂದರೆ ‘ಮುಟ್ಟಿತು’. ಸ್ವೀಕೃತಿ ಪತ್ರ ಅಂತ ಅನುವಾದ ಮಾಡಬಹುದು, ಆದರೆ ನನಗೆ ‘ಮುಟ್ಟಿತು’ ಅನ್ನುವುದೇ ಸರಿ ಅನಿಸುತ್ತದೆ. ಹಿಂದೆ ನಮ್ಮ ಹಿರಿಯರೂ ‘ನಿಮ್ಮ ಕಾಗದ ಮುಟ್ಟಿತು’ ಅಂತಲೇ ಬರೆಯುತ್ತಿದ್ದರಲ್ಲ.

ಕಾರ್ಡ್ ಯಾಕೆ ಬೇಕು? ರೇಡಿಯೋದಲ್ಲಿ ಆದ ಮಾತು ಗಾಳಿಗೆ ಹೋಗಿಬಿಡುತ್ತದೆ. ದೂರದ ದೇಶದವರು ಸಿಕ್ಕಾಗ ಎಷ್ಟೋ ಸಲ ಮಾತು ಅರ್ಧ ನಿಮಿಷವೂ ಇರುವುದಿಲ್ಲ. ಅವರ ಕಾಲ್‌ಸೈನ್ (ಪ್ರತಿ ಹ್ಯಾಮ್‌ಗೂ ಇರುವ ಗುರುತಿನ ಸಂಕೇತ), ನಮ್ಮ ಕಾಲ್‌ಸೈನ್, ಸಿಗ್ನಲ್ ಹೇಗಿದೆ ಅನ್ನುವ ಒಂದು ಅಂಕಿ, ಕೊನೆಗೆ ಶುಭಾಶಯದ ‘73’. ಅಷ್ಟೇ. ಇಬ್ಬರೂ ಲಾಗ್ ಬುಕ್ಕಿನಲ್ಲಿ, ಅಂದರೆ ತಮ್ಮ ದಾಖಲೆ ಪುಸ್ತಕದಲ್ಲಿ, ಬರೆದುಕೊಳ್ಳುತ್ತಾರೆ ನಿಜ. ಆದರೆ ನಾನು ಬರೆದುಕೊಂಡದ್ದಕ್ಕೆ ನಾನೇ ಸಾಕ್ಷಿ ಹೇಳೋಕೆ ಆಗಲ್ಲ ಅಲ್ವಾ? ನನ್ನ ದನಿ ಅಲ್ಲಿ ಕೇಳಿಸಿತು ಅಂತ ಹೇಳಬೇಕಾದವರು ಕೇಳಿಸಿಕೊಂಡವರೇ. ಈ ಪದ್ಧತಿ ತುಂಬಾ ಹಳೆಯದು. ಅಮೆರಿಕದ ಬಫಲೋದಿಂದ ಫಿಲಡೆಲ್ಫಿಯಾಗೆ 1916ರಲ್ಲೇ ಇಂಥದೊಂದು ಕಾರ್ಡ್ ಹೋಗಿತ್ತು.

ನನ್ನ ಮುಂದೆ ಈಗ ಫಿನ್‌ಲೆಂಡಿನಿಂದ ಬಂದ ಒಂದು ಕಾರ್ಡಿದೆ. ಅಳತೆ 9 ಸೆಂಟಿಮೀಟರ್, 14 ಸೆಂಟಿಮೀಟರ್. ಬಹುಪಾಲು ಕಾರ್ಡುಗಳು ಇದೇ ಅಳತೆಯವು, ಕಟ್ಟು ಕಟ್ಟಲು ಸುಲಭ ಅಂತ. ಮುಂದುಗಡೆ ಹಿಮ ಬಿದ್ದ ಕೆರೆಯ ಚಿತ್ರ, ಮೇಲೆ ದಪ್ಪಕ್ಷರದಲ್ಲಿ ಅವರ ಕಾಲ್‌ಸೈನ್. ಹಿಂದುಗಡೆ ಒಂದು ಸಣ್ಣ ಕೋಷ್ಟಕ. ಅದರ ಮೊದಲ ಮನೆಯಲ್ಲಿ ನೀಲಿ ಪೆನ್ನಿನಲ್ಲಿ ನನ್ನ ಕಾಲ್‌ಸೈನ್ ಇದೆ, ಭಾರತದ ‘ವಿಯು’ ಇಂದ ಶುರುವಾಗುವಂಥದ್ದು. ಈ ಕಾರ್ಡಿಗೆ ಬೆಲೆ ಬಂದಿರುವುದೇ ಆ ಪೆನ್ನಿನ ಅಕ್ಷರಗಳಿಂದ. ಪಕ್ಕದಲ್ಲಿ ತಾರೀಖು: 14 ಜನವರಿ. ಸಮಯ: 20:30. ಬ್ಯಾಂಡ್: 7 ಮೆಗಾಹರ್ಟ್ಸ್. ಮೋರ್ಸ್. ವರದಿ: 579. ಈ ಅಂಕಿಯನ್ನು ಬಿಡಿಬಿಡಿಯಾಗಿ ಓದಬೇಕು. ಅಕ್ಷರ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿತ್ತಾ ಅನ್ನುವುದಕ್ಕೆ 5ಕ್ಕೆ 5, ಸಿಗ್ನಲ್ಲಿನ ಬಲಕ್ಕೆ 9ಕ್ಕೆ 7, ನಾದ ಎಷ್ಟು ಶುದ್ಧ ಅನ್ನುವುದಕ್ಕೆ 9ಕ್ಕೆ 9.

ಈ ಕಾರ್ಡ್ ಸುಲಭವಾಗಿ ಬರಲಿಲ್ಲ. ನಾನು ಮೊದಲು ಕಳಿಸಿದ ಕಾರ್ಡಿನಲ್ಲಿ 15 ಜನವರಿ, ಬೆಳಗಿನ ಜಾವ 2 ಗಂಟೆ ಅಂತ ಬರೆದಿದ್ದೆ. ಇಲ್ಲಿಯ ಗಡಿಯಾರದ ಪ್ರಕಾರ ಅದು ಸರಿಯೇ. ಆದರೆ ಹ್ಯಾಮ್‌ಗಳ ಲೆಕ್ಕವೆಲ್ಲ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ, ಹಾಗಾಗಿ ಅಲ್ಲಿ ತಾರೀಖೇ ಬೇರೆ. ಅವರು ಹುಡುಕಿದರು, ಸಿಗಲಿಲ್ಲ. ‘ನಾಟ್ ಇನ್ ಲಾಗ್’, ಅಂದರೆ ನಮ್ಮ ಲಾಗ್‌ನಲ್ಲಿ ಇಲ್ಲ ಅಂತ ಉತ್ತರ ಬಂತು. ಹ್ಯಾಮ್‌ಗಳಿಗೆ ಇದಕ್ಕಿಂತ ಬೇಜಾರಿನ ಮಾತಿಲ್ಲ. ಹಳೆಯದನ್ನೇ ತಿದ್ದಿ ಕಳಿಸುವ ಹಾಗೂ ಇಲ್ಲ. ತಿದ್ದಿದ ಕಾರ್ಡನ್ನು ಪ್ರಶಸ್ತಿಗಳ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸದಾಗಿ ಬರೆದು ಮತ್ತೆ ಕಳಿಸಿದೆ.

ಕಳಿಸಲು ಎರಡು ದಾರಿ. ಒಂದು ‘ಡೈರೆಕ್ಟ್’: ವಾಪಸ್ ಬರುವ ಲಕೋಟೆ, ಅಂಚೆ ಖರ್ಚು ಎಲ್ಲ ಇಟ್ಟು ನೇರ ಅವರ ವಿಳಾಸಕ್ಕೆ. ಬೇಗ ಬರುತ್ತದೆ, ಖರ್ಚು ಜಾಸ್ತಿ. ಇನ್ನೊಂದು ‘ಬ್ಯೂರೋ’. ಎಷ್ಟೋ ದೇಶಗಳಲ್ಲಿ ಅಲ್ಲಿಯ ಹ್ಯಾಮ್ ಸಂಘ ತನ್ನವರ ಕಾರ್ಡುಗಳನ್ನೆಲ್ಲ ಸೇರಿಸಿ, ದೇಶವಾರು ಕಟ್ಟು ಮಾಡಿ, ಆಯಾ ದೇಶದ ಬ್ಯೂರೋಗೆ ಕಳಿಸುತ್ತದೆ. ನಮ್ಮಲ್ಲಿ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾ ಇದನ್ನು ನೋಡಿಕೊಳ್ಳುತ್ತದೆ. ಖರ್ಚು ಕಡಿಮೆ, ಆದರೆ ವರ್ಷ ಎರಡು ವರ್ಷ ಕಾಯಬೇಕಾಗಬಹುದು. ನನಗೆ ಆ ಕಾಯುವುದೂ ಇಷ್ಟ. ಮರೆತೇ ಹೋಗಿದ್ದ ಒಂದು ರಾತ್ರಿ ಒಂದು ದಿನ ಲಕೋಟೆಯಲ್ಲಿ ಮನೆಗೆ ಬರುತ್ತದೆ.

ಪ್ರಶಸ್ತಿ ಅಂದೆನಲ್ಲ, ಅದರಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಹ್ಯಾಮ್ ಸಂಘದ ಡಿಎಕ್ಸ್‌ಸಿಸಿ. ಕನಿಷ್ಠ 100 ‘ದೇಶ’ಗಳ ಜೊತೆ ಮಾತಾಡಿದ್ದಕ್ಕೆ ಪುರಾವೆ ಬೇಕು. ಇಲ್ಲಿ ದೇಶದ ಲೆಕ್ಕ ಬೇರೆ. ಅಂಡಮಾನ್ ನಿಕೋಬಾರ್ (ವಿಯು4) ಮತ್ತು ಲಕ್ಷದ್ವೀಪ (ವಿಯು7) ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ಅಂಡಮಾನಿನಿಂದ ಹ್ಯಾಮ್ ದನಿ ಕೇಳುವುದೇ ಅಪರೂಪವಾಗಿದ್ದ ಕಾಲದಲ್ಲಿ, ಡಿಸೆಂಬರ್ 2004ರಲ್ಲಿ, ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿ ಕೇಂದ್ರ ತೆರೆಯಿತು. ಜಗತ್ತಿನ ಹ್ಯಾಮ್‌ಗಳು ಮುಗಿಬಿದ್ದರು. 26ರಂದು ಸುನಾಮಿ ಬಂತು. ಕಾರ್ಡಿಗಾಗಿ ನಡೆಯುತ್ತಿದ್ದ ಕೇಂದ್ರ ಅವತ್ತಿನಿಂದ ದ್ವೀಪದವರ ಸುದ್ದಿಯನ್ನು ಹೊರಗೆ ಮುಟ್ಟಿಸುವ ಕೆಲಸಕ್ಕೆ ನಿಂತಿತು. ಆ ತಿಂಗಳ ಕಾರ್ಡ್ ಇಟ್ಟುಕೊಂಡವರು ಅದನ್ನು ಬರೀ ಎಣಿಕೆಗೆ ಅಂತ ಇಟ್ಟುಕೊಂಡಿರುವುದಿಲ್ಲ.

2003ರಿಂದ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಇದೆ. ಇಬ್ಬರ ಲಾಗೂ ಕಂಪ್ಯೂಟರಿನಲ್ಲಿ ತಾಳೆಯಾದರೆ ಸಾಕು, ಕಾಗದ ಬೇಡ. ನಾನೂ ಬಳಸುತ್ತೇನೆ. ಆದರೆ ಅದರಲ್ಲಿ ಹಿಮದ ಕೆರೆಯೂ ಇಲ್ಲ, ಒಬ್ಬರ ಕೈಬರಹವೂ ಇಲ್ಲ.

ಮಾತಾಡಲು ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಳ್ಳಬೇಕು. ಆದರೆ ಕಾರ್ಡ್ ಪಡೆಯಲು ಬರೀ ಕೇಳುಗರಾಗಿದ್ದರೂ ಆಗುತ್ತದೆ. ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳೂ ಕೇಳುಗರ ವರದಿಗೆ ಕ್ಯೂಎಸ್‌ಎಲ್ ಕಳಿಸುವ ರೂಢಿ ಇದೆ, ನಮ್ಮ ಆಕಾಶವಾಣಿಯೂ ಕಳಿಸಿದೆ. ಒಂದು ಮಾತು ನೆನಪಿರಲಿ. ‘ಕಾರ್ಯಕ್ರಮ ಚೆನ್ನಾಗಿತ್ತು’ ಅಂತ ಬರೆದರೆ ಪ್ರಯೋಜನವಿಲ್ಲ, ಕೇಳದೆಯೂ ಹಾಗೆ ಬರೆಯಬಹುದು. ತಾರೀಖು, ಯುಟಿಸಿ ಸಮಯ, ಫ್ರೀಕ್ವೆನ್ಸಿ ಹಾಕಿ, ನಿಮ್ಮ ಕಿವಿಗೆ ಬಿದ್ದದ್ದನ್ನೇ ಬರೆಯಿರಿ: ‘ವಾರ್ತೆ ಮುಗಿದ ಕೂಡಲೇ ವೀಣೆ ಶುರುವಾಯಿತು, ಎರಡು ನಿಮಿಷ ದನಿ ಮಂಕಾಗಿ ಮತ್ತೆ ಸರಿಹೋಯಿತು.’ ಅಷ್ಟಿದ್ದರೆ ಅವರು ತಮ್ಮ ದಾಖಲೆ ತೆಗೆದು ತಾಳೆ ನೋಡುತ್ತಾರೆ.