ಮಾಸಿದ ಗಾರ್ಡನ್ ಛತ್ರಿಗೆ ಪೇಂಟ್ ಹೊಡೆಯಬಹುದಾ? ಹೊಡೆಯಬಹುದು, ಆದರೆ ಆ ಡಬ್ಬದಿಂದ ಬೇಡ

ಪ್ರಶ್ನೆ: ಮೇಡಂ, ನಮ್ಮ ತಾರಸಿ ಮೇಲಿನ ದೊಡ್ಡ ಛತ್ರಿಯ ಬಣ್ಣ ಪೂರ್ತಿ ಹೋಗಿದೆ. ಬಟ್ಟೆ ಇನ್ನೂ ಗಟ್ಟಿಯಾಗಿದೆ, ಎಸೆಯೋಕೆ ಮನಸ್ಸಿಲ್ಲ. ಗೇಟಿಗೆ ಬಳಿದು ಉಳಿದ ಆಯಿಲ್ ಪೇಂಟ್ ಅರ್ಧ ಡಬ್ಬ ಇದೆ. ಅದನ್ನೇ ಬಳಿದರೆ ಬಣ್ಣವೂ ಬರುತ್ತೆ, ಮಳೆ ನೀರೂ ಸೋರಲ್ಲ ಅಲ್ವಾ?

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಕೇಳುವವರ ಊರು ಬೇರೆ, ಛತ್ರಿಯ ಬಣ್ಣ ಬೇರೆ. ಆದರೆ ಗೇಟಿಗೆ ಬಳಿದು ಉಳಿದ ಆ ಅರ್ಧ ಡಬ್ಬ ಮಾತ್ರ ಎಲ್ಲರ ಮನೆಯಲ್ಲೂ ಇರುತ್ತದೆ. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕೂಡ ಇದಕ್ಕೆ ಉತ್ತರ ಕೊಟ್ಟಿದ್ದೇನೆ. ಈ ಸಲ ಒಮ್ಮೆಗೇ ಪೂರ್ತಿ ಬರೆದುಬಿಡುತ್ತೇನೆ.

ಉತ್ತರ ಸಣ್ಣದು. ಛತ್ರಿಗೆ ಪೇಂಟ್ ಹೊಡೆಯಬಹುದು. ಬಟ್ಟೆಗೆಂದೇ ಮಾಡಿದ ಅಕ್ರಿಲಿಕ್ ಬಣ್ಣ ತಂದು, ನೀರು ಬೆರೆಸಿ, ತೆಳ್ಳಗೆ ಬಳಿಯಿರಿ. ಆಯಿಲ್ ಪೇಂಟ್ ಬೇಡ. ಅರ್ಧ ಡಬ್ಬವೂ ಬೇಡ, ಕಾಲು ಡಬ್ಬವೂ ಬೇಡ.

ಹೀಗೆ ಹೇಳಿದ ಕೂಡಲೇ ಎದುರು ಮಾತು ಬರುತ್ತದೆ: "ಗೇಟು ಹತ್ತು ವರ್ಷದಿಂದ ಬಿಸಿಲು ಮಳೆಯಲ್ಲೇ ನಿಂತಿದೆಯಲ್ಲ? ಏನೂ ಆಗಿಲ್ಲವಲ್ಲ?" ಆಗಿಲ್ಲ, ನಿಜ. ಆದರೆ ಗೇಟನ್ನು ನೀವು ದಿನಾ ಸಂಜೆ ಮಡಚಿ ಇಡುವುದಿಲ್ಲ. ಇಡೀ ವಿಷಯ ಇರುವುದು ಇಷ್ಟರಲ್ಲೇ.

ಕಳೆದ ವರ್ಷ ನಮ್ಮ ಬೀದಿಯ ಮನೆಯೊಂದರಲ್ಲಿ ಹೀಗೇ ಮಾಡಿದ್ದರು. ಒಳ್ಳೆಯ ಮರೂನ್ ಬಣ್ಣ. ಮೊದಲ ವಾರ ಛತ್ರಿ ಮಿರಿಮಿರಿ ಮಿಂಚುತ್ತಿತ್ತು, ಕರೆದು ತೋರಿಸಿದರು. ಎರಡು ತಿಂಗಳ ಮೇಲೆ ಮತ್ತೆ ಕರೆದರು. ಮುಚ್ಚಿದ್ದ ಛತ್ರಿಯನ್ನು ಬಿಚ್ಚಿದಾಗ ಹಪ್ಪಳ ಮುರಿದ ಹಾಗೆ ಸದ್ದು ಬಂತು. ಕಡ್ಡಿ ಕಡ್ಡಿಯ ನಡುವೆ, ಬಟ್ಟೆ ಮಡಿಕೆ ಬೀಳುವ ಜಾಗದಲ್ಲೆಲ್ಲ ಬಿಳಿ ಗೆರೆಗಳು. ಹೆಬ್ಬೆರಳಿನಿಂದ ಒಂದು ಗೆರೆ ಸವರಿ ನೋಡಿದೆ. ಉಗುರಿನ ಸಂದಿಗೆ ಮರೂನ್ ಚಕ್ಕೆಗಳು ಸೇರಿಕೊಂಡವು. ಕೆಳಗಿನ ಟೇಬಲ್ ಮೇಲೂ ಅದೇ ಚಕ್ಕೆ, ನೀರಿನ ಲೋಟದಲ್ಲೂ ಅದೇ. ಮುಂಗಾರಿನ ಮೊದಲ ಮಳೆಗೆ ನೀರು ಇಳಿದದ್ದು ಸರಿಯಾಗಿ ಆ ಗೆರೆಗಳಲ್ಲೇ.

ಯಾಕೆ ಹೀಗಾಗುತ್ತದೆ? ನಾನು ಜವಳಿ ಡಿಪ್ಲೊಮಾ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವಳು. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆಯಿಲ್ ಪೇಂಟ್ ಒಣಗುವುದು ಒದ್ದೆ ಸೀರೆ ಒಣಗಿದ ಹಾಗಲ್ಲ. ಸೀರೆಯಿಂದ ನೀರು ಹೊರಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಆಯಿಲ್ ಪೇಂಟಿನಲ್ಲಿ ಮೊದಲು ಟರ್ಪೆಂಟೈನ್ ಆರಿ ಹೋಗುತ್ತದೆ. ಆಮೇಲೆ ಅದರೊಳಗಿನ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತಾ ಹೋಗುತ್ತದೆ. ಮರುದಿನ ಮುಟ್ಟಿದರೆ ಕೈಗೆ ಅಂಟುವುದಿಲ್ಲ, ಒಣಗಿತು ಅಂದುಕೊಳ್ಳುತ್ತೇವೆ. ಆದರೆ ಒಳಗಿನ ಕೆಲಸ ನಿಂತಿರುವುದಿಲ್ಲ. ತಿಂಗಳು, ವರ್ಷ ಕಳೆದ ಹಾಗೆ ಇನ್ನೂ ಗಟ್ಟಿ, ಇನ್ನೂ ಪೆಡಸು. ಹಳೇ ಮನೆಯ ಕಿಟಕಿ ನೋಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಷ್ಟು ಸಣ್ಣ ಅಲುಗಾಟಕ್ಕೇ ಹಳೇ ಪೇಂಟ್ ಬಿರುಕು ಬಿಡುತ್ತದೆ. ಹಾಗಿರುವಾಗ ದಿನಾ ಮಡಿಸಿ ಬಿಚ್ಚುವ ಬಟ್ಟೆಯ ಮೇಲೆ ಅದು ಉಳಿಯುವುದು ಹೇಗೆ?

ಛತ್ರಿ ಹತ್ತಿ ಕ್ಯಾನ್ವಾಸಿನದಾದರೆ ಇನ್ನೂ ಕಷ್ಟ. ಒಣಗುವ ಎಣ್ಣೆ ಹತ್ತಿಯ ಎಳೆಯನ್ನೇ ತಿನ್ನುತ್ತದೆ. ತೈಲವರ್ಣ ಚಿತ್ರ ಬರೆಯುವವರು ಬಣ್ಣ ಮುಟ್ಟುವ ಮೊದಲು ಕ್ಯಾನ್ವಾಸಿಗೆ ಅಂಟಿನ ಲೇಪ ಕೊಡುವುದು ಇದಕ್ಕೇ. ಅಗಸೆ ಎಣ್ಣೆ ನೇರವಾಗಿ ಬಟ್ಟೆಗೆ ತಾಗಿದರೆ ಬಟ್ಟೆ ಜೀರ್ಣವಾಗುತ್ತದೆ ಎಂದು ಅವರಿಗೆ ನೂರಾರು ವರ್ಷಗಳಿಂದ ಗೊತ್ತು.

ಇನ್ನು ತೂಕ. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ನಾವು ಹಾಕೋಣ. ಒಂಬತ್ತು ಅಡಿ ಛತ್ರಿ ಅಂದರೆ ಸುಮಾರು 2.7 ಮೀಟರ್ ಅಗಲ. ಬಟ್ಟೆ ಸುಮಾರು 6 ಚದರ ಮೀಟರ್. ಚದರ ಮೀಟರಿಗೆ 180 ಗ್ರಾಂ ತೂಗುವ ಪಾಲಿಯೆಸ್ಟರ್ ಆದರೆ ಬಟ್ಟೆಯ ಒಟ್ಟು ತೂಕ ಒಂದು ಕೆಜಿ ಚಿಲ್ಲರೆ. ಎರಡು ಕೋಟ್ ಆಯಿಲ್ ಪೇಂಟ್ ಹೊಡೆದರೆ ಒಣಗಿದ ಮೇಲೂ ಉಳಿಯುವುದು ಒಂದು ಕೆಜಿಯ ಆಸುಪಾಸು. ಬಟ್ಟೆಯ ಭಾರ ಎರಡರಷ್ಟಾಯಿತು. ಕಡ್ಡಿಗಳನ್ನು ಅಷ್ಟಕ್ಕೆ ಮಾಡಿರುವುದಿಲ್ಲ. ಜೋರು ಗಾಳಿ ಬಂದ ದಿನ ಮೊದಲು ಮುರಿಯುವುದು ಅವೇ.

"ಹಳೇ ಕಾಲದಲ್ಲಿ ಟಾರ್ಪಾಲಿಗೆ ಡಾಂಬರು ಬಳಿಯುತ್ತಿದ್ದರಲ್ಲ?" ಇದೂ ಬರುವ ಪ್ರಶ್ನೆಯೇ, ಒಳ್ಳೆಯ ಪ್ರಶ್ನೆ. ಬಳಿಯುತ್ತಿದ್ದರು. ಟಾರ್ಪಾಲು ಎಂಬ ಹೆಸರಿನ ಮೊದಲರ್ಧ ಬಂದಿರುವುದೇ ಟಾರಿನಿಂದ. ಮೇಣ ತಿಕ್ಕಿದ ಬಟ್ಟೆಯೂ ಇತ್ತು. ಆದರೆ ಟಾರು, ಮೇಣ ಎರಡೂ ಬಿಸಿಲಿಗೆ ಮೆತ್ತಗಾಗುತ್ತವೆ, ಬಟ್ಟೆ ಬಾಗಿದಂತೆ ತಾವೂ ಬಾಗುತ್ತವೆ. ಆಯಿಲ್ ಪೇಂಟ್ ಬಾಗುವ ಜಾತಿಯದಲ್ಲ.

ನೀರು ಸೋರುವ ಮಾತೂ ಅಷ್ಟೇ. ಕೊಡೆಯ ಬಟ್ಟೆ ನೀರು ತಡೆಯುವುದು ದಪ್ಪದಿಂದಲ್ಲ. ಒತ್ತಾದ ನೇಯ್ಗೆ, ಅದರ ಮೇಲೆ ನೀರು ಅಂಟದಂಥ ತೆಳು ಲೇಪ, ಇವೆರಡರಿಂದ. ಹನಿ ಬಿದ್ದರೆ ಕೆಸುವಿನ ಎಲೆಯ ಮೇಲೆ ಉರುಳಿದ ಹಾಗೆ ಉರುಳಬೇಕು. ಇನ್ನು ಮಳೆಯಲ್ಲಿ ನಿಮ್ಮ ಛತ್ರಿ ಸೋರುವ ಜಾಗ ಸರಿಯಾಗಿ ನೋಡಿದ್ದೀರಾ? ಹೆಚ್ಚಿನ ಸಲ ಹೊಲಿಗೆಯ ಸಾಲು, ಸೂಜಿ ಹೋದ ತೂತುಗಳು. ಪೇಂಟ್ ಬಳಿದರೂ ಆ ಸಾಲು ಎಳೆದಾಡಿದಂತೆ ತೂತು ಮತ್ತೆ ಬಾಯಿ ಬಿಡುತ್ತದೆ.

ಇಷ್ಟು ಓದಿಯೂ ಯಾರಾದರೂ ಆ ಡಬ್ಬ ತೆರೆದರೆ ಒಂದು ಎಚ್ಚರಿಕೆ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಯಲ್ಲಿ ಎಸೆಯಬೇಡಿ. ಗಾಳಿ ಹೀರಿ ಒಣಗುವಾಗ ಅದು ಬಿಸಿಯಾಗುತ್ತದೆ. ಮುದ್ದೆಯೊಳಗೆ ಬಿಸಿ ಕೂಡಿಟ್ಟುಕೊಂಡು ತಾನಾಗಿ ಬೆಂಕಿ ಹೊತ್ತಿಕೊಂಡದ್ದುಂಟು. ಆಯಿಲ್ ಪೇಂಟ್ ಒರೆಸಿದ ಬಟ್ಟೆಗೂ ಅದೇ ಜಾಗ್ರತೆ ಇರಲಿ. ಹರಡಿ ಒಣಗಿಸಿ.

ಸರಿ, ಈಗ ಮಾಡಬೇಕಾದ ಕೆಲಸಕ್ಕೆ ಬರೋಣ.

ಮೊದಲು ಬಟ್ಟೆ ಬದುಕಿದೆಯಾ ನೋಡಿ. ಛತ್ರಿಯ ತುದಿಯಲ್ಲಿ, ಜಾಸ್ತಿ ಬಿಸಿಲು ಬೀಳುವ ಕಡೆ, ಬಟ್ಟೆಯನ್ನು ಎರಡು ಕೈಯ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಜಗ್ಗಿ. ಪಿಸಿದು ಬಂದರೆ ಪೇಂಟಿಗೆ ದುಡ್ಡು ಹಾಕಬೇಡಿ. ಬಿಸಿಲು ಬಣ್ಣವನ್ನಷ್ಟೇ ಅಲ್ಲ, ನೂಲನ್ನೂ ತಿಂದಿದೆ. ಕಡ್ಡಿ ಗಟ್ಟಿಯಾಗಿದ್ದರೆ ಬರೀ ಹೊಸ ಬಟ್ಟೆ ಹೊಲಿಸಿ.

ಆಮೇಲೆ ಬಟ್ಟೆ ಯಾವುದು ಎಂದು ತಿಳಿದುಕೊಳ್ಳಿ. ದುಬಾರಿ ಛತ್ರಿಗಳಲ್ಲಿ ಒಂದು ಬಗೆಯ ಅಕ್ರಿಲಿಕ್ ಬಟ್ಟೆ ಇರುತ್ತದೆ. ನೂಲು ಮಾಡುವ ಮೊದಲೇ ಬಣ್ಣ ಬೆರೆಸಿರುತ್ತಾರೆ. ಬೀಟ್‌ರೂಟ್ ಕೊಯ್ದರೆ ಒಳಗೂ ಕೆಂಪು, ಹಾಗೆ. ನೇಯ್ದ ಮೇಲೆ ಬಣ್ಣ ಹಾಕಿದ ಪಾಲಿಯೆಸ್ಟರ್ ಕೆಂಪು ಮೂಲಂಗಿಯ ಹಾಗೆ, ಹೊರಗೆ ಕೆಂಪು, ಒಳಗೆ ಬಿಳಿ. ಬೀಟ್‌ರೂಟ್ ಜಾತಿಯದು ಮಾಸಿದಂತೆ ಕಂಡರೆ ಸುಮ್ನೆ ಒಮ್ಮೆ ತೊಳೆದು ನೋಡಿ. ಹೆಚ್ಚಿನ ಸಲ ಅದು ಧೂಳು, ಹೊಗೆ ಅಷ್ಟೇ. ತೊಳೆದ ಮೇಲೆ ಪೇಂಟ್ ಬೇಕೇ ಆಗುವುದಿಲ್ಲ.

ಬಣ್ಣದ ಪುಡಿ ತಂದು ಬಿಸಿ ನೀರಲ್ಲಿ ಅದ್ದುವ ಯೋಚನೆ ಇದ್ದರೆ ಬಿಡಿ. ಪಾಲಿಯೆಸ್ಟರಿಗೆ ಬಣ್ಣ ಹತ್ತಿಸಲು ಕಾರ್ಖಾನೆಯಲ್ಲಿ ಒತ್ತಡದ ಯಂತ್ರದಲ್ಲಿ ಸುಮಾರು 130 ಡಿಗ್ರಿ ಬಿಸಿ ಕೊಡುತ್ತಾರೆ, ಬಣ್ಣವೂ ಬೇರೆ ಬಗೆಯದು. ಬಚ್ಚಲುಮನೆಯ ಬಕೆಟ್‌ನಲ್ಲಿ ಅದು ಆಗುವ ಕೆಲಸವಲ್ಲ.

ಛತ್ರಿ ಬಿಚ್ಚಿಟ್ಟು, ಸೋಪಿನಪುಡಿ ಕರಗಿಸಿದ ನೀರು, ಮೆತ್ತನೆ ಬ್ರಷ್ ಹಿಡಿದು ತೊಳೆಯಿರಿ. ಬೂಷ್ಟು ಹಿಡಿದಿದ್ದರೆ ಬಿಳಿ ವಿನೆಗರ್‌ಗೆ ನೀರು ಬೆರೆಸಿ ಒರೆಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ವಿನೆಗರ್ ಜೊತೆ ಬ್ಲೀಚಿಂಗ್ ಪುಡಿ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ. ಸೋಪು ಪೂರ್ತಿ ಹೋಗಬೇಕು. ಎರಡು ದಿನ ಒಣಗಲಿ. ಒಣಗಿದ ಮೇಲೆ ನಾಲ್ಕು ಹನಿ ನೀರು ಹಾಕಿ. ಹನಿ ಇನ್ನೂ ಗುಂಡಗೆ ಉರುಳಿದರೆ ಹಳೇ ಲೇಪ ಉಳಿದಿದೆ, ನೀರು ಬೆರೆಸಿದ ಬಣ್ಣವೂ ಹಾಗೇ ಜಾರುತ್ತದೆ. ನೀರು ಹರಡಿದರೆ ಬಣ್ಣ ಹಿಡಿಯುತ್ತದೆ. ಒಳಗಡೆ ಬೆಳ್ಳಿ ಬಣ್ಣದ ಕೋಟಿಂಗ್ ಇದ್ದರೆ ಅದನ್ನು ಮುಟ್ಟಲೇಬೇಡಿ.

ಬಣ್ಣ ಎಷ್ಟು ಬೇಕು? ನನ್ನ ಲೆಕ್ಕದಲ್ಲಿ ಒಂಬತ್ತು ಅಡಿ ಛತ್ರಿಗೆ ಎರಡು ತೆಳು ಕೋಟ್ ಸೇರಿ ಒಂದೂವರೆ ಲೀಟರ್. ಸೀರೆಗೆ ಹೂವು ಬರೆಯುವ 15 ಎಂ.ಎಲ್. ಬಾಟಲಿಗಳಲ್ಲಿ ತಂದರೆ ನೂರು ಬಾಟಲಿ ಬೇಕು. ಅದಕ್ಕೇ ದೊಡ್ಡ ಬಾಟಲಿ ಕೇಳಿ. ಅದೂ ದುಬಾರಿ ಅನ್ನಿಸಿದರೆ ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಎಮಲ್ಷನ್‌ಗೆ ಫ್ಯಾಬ್ರಿಕ್ ಮೀಡಿಯಂ ಸೇರಿಸಿ ಬಳಸಬಹುದು. ಎಷ್ಟಕ್ಕೆ ಎಷ್ಟು ಎಂದು ಮೀಡಿಯಂ ಬಾಟಲಿಯ ಮೇಲೇ ಇರುತ್ತದೆ. ಮೀಡಿಯಂ ಬಣ್ಣವನ್ನು ಮೆತ್ತಗೆ ಇಡುತ್ತದೆ. ಡಿಸ್ಟೆಂಪರ್ ಆಗುವುದಿಲ್ಲ, ಮಳೆಗೆ ತೊಳೆದು ನೆಲಕ್ಕೆ ಬರುತ್ತದೆ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬಿರುಬಿಸಿಲಲ್ಲಿ ಬಳಿದರೆ ಬಣ್ಣ ನೂಲಿಗೆ ಇಳಿಯುವ ಮೊದಲೇ ಮೇಲ್ಗಡೆ ಒಣಗಿ ಕೂರುತ್ತದೆ. ಛತ್ರಿಯನ್ನು ಬಿಗಿಯಾಗಿ ಬಿಚ್ಚಿ, ಸ್ಪ್ರೇ ಬಾಟಲಿಯಿಂದ ಬಟ್ಟೆಯನ್ನು ಸ್ವಲ್ಪವೇ ತೇವ ಮಾಡಿ. ನೆತ್ತಿಯಿಂದ ಅಂಚಿನ ಕಡೆಗೆ, ಒಂದು ಪಟ್ಟಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಮೊದಲ ಕೋಟ್ ನೋಡಿದರೆ ಬೇಜಾರಾಗುತ್ತದೆ, ಅಲ್ಲಲ್ಲಿ ಹಳೇ ಬಣ್ಣ ಇಣುಕುತ್ತದೆ. ಆಗ ದಪ್ಪ ಬಳಿಯುವ ಆಸೆಯಾಗುತ್ತದೆ. ಬಳಿಯಬೇಡಿ. ಒಣಗಲು ಬಿಟ್ಟು ಎರಡನೆಯದನ್ನು ಹೊಡೆಯಿರಿ, ಸಮ ಆಗುತ್ತದೆ.

ಕೊನೆಗೆ ಒಂದು ವಾರ ಮಡಚಬೇಡಿ. ಎಲ್ಲ ಸರಿಯಾಗಿ ಮಾಡಿದವರು ಎಡವುವುದು ಇಲ್ಲೇ. ಎಳೆ ಅಕ್ರಿಲಿಕ್ ಬಣ್ಣ ತನಗೆ ತಾನೇ ಅಂಟಿಕೊಳ್ಳುತ್ತದೆ. ಬೇಗ ಮಡಚಿ ಬಿಸಿಲಲ್ಲಿ ಇಟ್ಟರೆ ಬಿಚ್ಚುವಾಗ ಒಂದು ಮಡಿಕೆಯ ಬಣ್ಣ ಇನ್ನೊಂದಕ್ಕೆ ಕಿತ್ತು ಬರುತ್ತದೆ. ವಾರ ಕಳೆದ ಮೇಲೆ ಬೇಕಾದರೆ ನೀರು ತಡೆಯುವ ಸ್ಪ್ರೇ ಹೊಡೆಯಿರಿ. ಮೊದಲೇ ಹೊಡೆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಇಷ್ಟು ಮಾಡಿದರೆ ನಾನು ಕಂಡ ಹಾಗೆ ಎರಡು ಬೇಸಿಗೆ ಧೈರ್ಯವಾಗಿ ಕಳೆಯಬಹುದು.

ಇನ್ನು ನನ್ನನ್ನು ಯಾರೂ ಕೇಳದ ಒಂದು ವಿಷಯ. ಮಾಸಿದ ಛತ್ರಿ ಬಿಸಿಲನ್ನು ಮೊದಲಿನ ಹಾಗೇ ತಡೆಯುತ್ತದಾ? ಎಲ್ಲರಿಗೂ ಅಂದದ ಚಿಂತೆ. ಆದರೆ ನಾವು ಛತ್ರಿ ಇಟ್ಟುಕೊಂಡಿರುವುದು ನೆರಳಿಗೆ ಅಲ್ವಾ?

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೆ ಹೋದರೆ ನೇರಳಾತೀತ ಕಿರಣ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಹವೆ ತಂಪು ಎಂದು ನಾವು ನಂಬಿ ಕೂರುತ್ತೇವೆ, ಕಿರಣಕ್ಕೆ ತಂಪಿನ ಲೆಕ್ಕವಿಲ್ಲ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಅಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ.

ಬಟ್ಟೆಯ ಬಣ್ಣ ಅಂದಕ್ಕಷ್ಟೇ ಇರುವುದಲ್ಲ. ಈ ಕಿರಣವನ್ನು ಅದೂ ಹೀರಿಕೊಳ್ಳುತ್ತದೆ. ಹೀರಿ ಹೀರಿ ಬಣ್ಣದ ಕಣಗಳೇ ಒಡೆಯುತ್ತವೆ, ಅದನ್ನೇ ನಾವು ಮಾಸಿತು ಅನ್ನುತ್ತೇವೆ. ಅಂದರೆ ಬಣ್ಣ ಹೋದಂತೆ ತಡೆಯುವ ಶಕ್ತಿಯೂ ಸ್ವಲ್ಪ ಹೋಗುತ್ತದೆ. ಅದಕ್ಕೇ ಪೇಂಟ್ ಆರಿಸುವಾಗ ತಿಳಿ ಹಳದಿ, ಕೆನೆ ಬಣ್ಣ ಎಂದು ಹೋಗಬೇಡಿ. ಕಡು ನೀಲಿ, ಕಡು ಹಸಿರು ಆರಿಸಿ. ಬಟ್ಟೆ ಸ್ವಲ್ಪ ಜಾಸ್ತಿ ಕಾಯುತ್ತದೆ, ಆದರೆ ಛತ್ರಿ ನಿಮ್ಮ ತಲೆಗಿಂತ ಎತ್ತರದಲ್ಲಿದೆ, ನಡುವೆ ಗಾಳಿಯಾಡುತ್ತದೆ. ಮಲ್ಪೆಯಂಥ ಕಡಲ ದಂಡೆಯಲ್ಲಿ ಛತ್ರಿ ಇಡುವವರು ತಲೆಗೆ ಟೋಪಿಯನ್ನೂ ಹಾಕಿಕೊಳ್ಳಿ. ಒಣ ಮರಳು ಆ ಕಿರಣದ ಶೇಕಡಾ 15ರಷ್ಟನ್ನು ಕೆಳಗಿನಿಂದ ವಾಪಸ್ ಎಸೆಯುತ್ತದೆ.

ನಿಮ್ಮ ಛತ್ರಿ ಎಷ್ಟು ತಡೆಯುತ್ತದೆ ಎಂದು ಅಂದಾಜು ಮಾಡಲು ಯಂತ್ರ ಬೇಡ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನೇಯ್ಗೆಯ ಸಂದಿಯಲ್ಲಿ ಬೆಳಕು ಎಷ್ಟು ಕಾಣುತ್ತದೋ ಕಿರಣಕ್ಕೂ ಅಲ್ಲಿ ದಾರಿ ಇದೆ ಎಂದೇ ಲೆಕ್ಕ. ನಮ್ಮ ಅಜ್ಜನ ಕೊಡೆ ಇನ್ನೂ ಮನೆಯಲ್ಲಿದೆ. ಬೆತ್ತದ ಹಿಡಿ, ಕಪ್ಪು ಹತ್ತಿ ಬಟ್ಟೆ, ಈಗ ಅಂಚೆಲ್ಲ ಕೆಂಚಗಾಗಿದೆ. ಮೊನ್ನೆ ಬಿಚ್ಚಿ ಕಿಟಕಿಗೆ ಹಿಡಿದೆ. ಕಡ್ಡಿಯ ಹೊಲಿಗೆ ಸಾಲಿನಲ್ಲಿ ಚುಕ್ಕಿ ಚುಕ್ಕಿ ಬೆಳಕು ಕಂಡಿತು. ಬೇರೆಲ್ಲೂ ಕಾಣಲಿಲ್ಲ.